ಜಲಗೋಪುರದ ಜೀರ್ಣೋದ್ಧಾರ

ಹೊಸದೊಂದನ್ನು ಕಟ್ಟಿಸುವುದಕ್ಕಿಂತ ಜೀರ್ಣವಾದುದನ್ನು ಉದ್ಧರಿಸುವುದು ಮಿಗಿಲಾದ ಪುಣ್ಯವೆಂಬ ನಂಬುಗೆಯು ಈ ನಾಡಿನಲ್ಲಿ ಬಹುಕಾಲದಿಂದ ನಡೆದುಬಂದಿರುವುದು. ಗುಡಿಯ ಗೋಪುರವು ಬಿರುಕು ಬಿಟ್ಟರೆ, ಮಠದ ಮಾಳಿಗೆಯು ಸೋರಿದರೆ, ಕೆರೆಯ ಏರಿಯು ಕುಸಿದರೆ, ಸದ್ಭಕ್ತರು ಕೂಡಿ ಅದನ್ನು ಸರಿಪಡಿಸುವುದು ವಾಡಿಕೆ. ಆದರೆ ಊರಿನ ನೆತ್ತಿಯ ಮೇಲೆ ನಿಂತು, ಹಗಲಿರುಳೆನ್ನದೆ ಮನೆಮನೆಗೆ ನೀರನ್ನೊದಗಿಸುವ ಉಕ್ಕಿನ ಟಾಕಿಯೊಂದು ಮುಪ್ಪಾದರೆ, ಅದನ್ನು ಜೀರ್ಣೋದ್ಧಾರದ ಕಣ್ಣಿನಿಂದ ನೋಡುವವರು ವಿರಳ. ಕೆಲವರು ಅದನ್ನು ಗುಜರಿಗೆ ತಕ್ಕ ಲೋಹವೆಂದೆಣಿಸುವರು. ಕೆಲವರು ಅದರ ಮೇಲೆ ಹೊಸ ಬಣ್ಣವನ್ನು ಬಳಿಸಿ ಚಿಂತೆ ತೀರಿತೆಂದು ಭಾವಿಸುವರು. ಇವೆರಡೂ ತಪ್ಪು ದಾರಿಗಳು. ಇವುಗಳ ನಡುವೆ ಮೂರನೆಯ ದಾರಿಯೊಂದಿರುವುದು. ಅದು ಪರೀಕ್ಷೆಯ ದಾರಿ. ಆ ದಾರಿಯನ್ನು ಚರಿತ್ರೆಯ ನಿದರ್ಶನಗಳಿಂದ ವಿಶದಪಡಿಸುವುದೇ ಪ್ರಕೃತ ಲೇಖನದ ಉದ್ದೇಶವು.

ಯಾದಗಿರಿ, ಶಹಾಪುರ, ಸುರಪುರಗಳ ಸೀಮೆಯು ಬಂಡೆಗುಡ್ಡಗಳ ಸೀಮೆ. ಕೃಷ್ಣೆಯೂ ಭೀಮೆಯೂ ಈ ನೆಲವನ್ನು ಸುತ್ತುವರಿದು ಹರಿಯುತ್ತಿದ್ದರೂ, ಹಿಂದಿನ ಕಾಲದಲ್ಲಿ ನದಿಯ ನೀರು ಗುಡ್ಡದ ಊರುಗಳಿಗೆ ಏರಿ ಬರುತ್ತಿದ್ದಿಲ್ಲ. ಆದಕಾರಣ ಮಳೆಗಾಲದ ನೀರನ್ನು ತಡೆದು ನಿಲ್ಲಿಸಿ ಬೇಸಗೆಗೆ ಉಳಿಸಿಕೊಳ್ಳುವುದೇ ಇಲ್ಲಿಯ ಜನರ ಮೊದಲ ವಿದ್ಯೆಯಾಯಿತು. ಯಾದಗಿರಿಯ ಕೋಟೆಯನ್ನು ಹತ್ತಿದವರು ಬಂಡೆಗಳ ನಡುವಣ ಕೊಳಗಳನ್ನೂ ಬಾವಿಗಳನ್ನೂ ಕಂಡಿರುವರು. ಕೋಟೆಯೆಂಬುದು ಗೋಡೆಯ ಬಲದಿಂದ ಎಷ್ಟು ನಿಲ್ಲುವುದೋ ನೀರಿನ ಬಲದಿಂದಲೂ ಅಷ್ಟೇ ನಿಲ್ಲುವುದೆಂಬುದನ್ನು ಅದನ್ನು ಕಟ್ಟಿದವರು ಚೆನ್ನಾಗಿ ಬಲ್ಲವರಾಗಿದ್ದರು.

ಸುರಪುರದ ಸಮೀಪದ ಬೋನಾಳ ಕೆರೆಯು ಇದಕ್ಕೆ ಇನ್ನೊಂದು ನಿದರ್ಶನವು. ಇದನ್ನು ೧೭ನೆಯ ಶತಮಾನದಲ್ಲಿ ಸುರಪುರದ ನಾಯಕ ಅರಸರು ಕಟ್ಟಿಸಿದರೆಂದು ಪ್ರಸಿದ್ಧಿ. ತರುವಾಯ ೧೯ನೆಯ ಶತಮಾನದಲ್ಲಿ, ಸುರಪುರ ಸಂಸ್ಥಾನದ ಆಡಳಿತವನ್ನು ನೋಡಿಕೊಳ್ಳಲು ಬಂದಿದ್ದ ಫಿಲಿಪ್ ಮೆಡೋಸ್ ಟೇಲರನು ಈ ಕೆರೆಯನ್ನು ಸುಧಾರಿಸಿದನು. ಸುರಪುರದ ಗುಡ್ಡದ ಮೇಲೆ ಅವನು ೧೮೪೪ರಲ್ಲಿ ಕಟ್ಟಿಸಿದ ಟೇಲರ್ ಮಂಜಿಲೆಂಬ ಮನೆಯು ಅನೇಕರಿಗೆ ಪರಿಚಿತವಾದುದು. ಇಲ್ಲಿ ಗಮನಿಸತಕ್ಕ ಅಂಶವೇನೆಂದರೆ, ಟೇಲರನು ಹಿಂದಿನವರ ಕೆರೆಯನ್ನು ಹಳೆಯದೆಂದು ಕೈಬಿಡಲಿಲ್ಲ. ಅದರ ಸ್ಥಳವು ಯೋಗ್ಯವಾದುದೆಂದು ಕಂಡು ಅದನ್ನೇ ಬಲಪಡಿಸಿದನು. ಹೀಗೆ ಒಬ್ಬರು ಕಟ್ಟಿದುದನ್ನು ಮತ್ತೊಬ್ಬರು ಸುಧಾರಿಸಿದ ಕಾರಣ ಆ ಕೆರೆಯು ಇಂದಿಗೂ ಉಳಿದು, ಹೊಲಗಳಿಗೂ ಹಕ್ಕಿಗಳಿಗೂ ಆಶ್ರಯವಾಗಿರುವುದು.

ಇಷ್ಟರವರೆಗೆ ನೀರು ನೆಲದ ಮೇಲೆಯೇ ನಿಲ್ಲುತ್ತಿದ್ದಿತು. ಅದನ್ನು ಆಕಾಶಕ್ಕೆತ್ತಿ ನಿಲ್ಲಿಸುವ ಕಾಲವು ಈ ಸೀಮೆಗೆ ಉಗಿಬಂಡಿಯೊಡನೆ ಬಂದಿತು. ಮುಂಬಯಿಯಿಂದ ಹೊರಟ ರೈಲುಮಾರ್ಗವು ಸೊಲ್ಲಾಪುರ, ಕಲಬುರ್ಗಿ, ಯಾದಗಿರಿಗಳ ಮೇಲಿಂದ ಹಾದು ೧೮೭೧ರಲ್ಲಿ ರಾಯಚೂರನ್ನು ಮುಟ್ಟಿ, ಮದರಾಸಿನಿಂದ ಬಂದ ಮಾರ್ಗವನ್ನು ಕೂಡಿಕೊಂಡಿತು. ಶಹಾಪುರ ಸುರಪುರಗಳವರು ದೂರದ ಪ್ರಯಾಣಕ್ಕೆ ಗಾಡಿ ಕಟ್ಟಿಕೊಂಡು ಯಾದಗಿರಿಯ ನಿಲ್ದಾಣಕ್ಕೆ ಬರಬೇಕಾಯಿತು. ಉಗಿಯಂತ್ರಕ್ಕೆ ಕಲ್ಲಿದ್ದಲು ಎಷ್ಟು ಬೇಕೋ ನೀರೂ ಅಷ್ಟೇ ಬೇಕು. ಬಂಡಿಯು ನಿಲ್ದಾಣದಲ್ಲಿ ನಿಲ್ಲುವ ಸ್ವಲ್ಪ ಸಮಯದಲ್ಲಿಯೇ ಸಾವಿರಾರು ಗ್ಯಾಲನ್ ನೀರನ್ನು ಅದರ ಹೊಟ್ಟೆಗೆ ತುಂಬಬೇಕಾಗುತ್ತಿದ್ದಿತು. ಬಾವಿಯಿಂದ ಸೇದಿ ಹಾಕುವುದರಿಂದ ಇದು ಸಾಧ್ಯವಿಲ್ಲ. ಹಗಲೆಲ್ಲ ಪಂಪಿನಿಂದ ನಿಧಾನವಾಗಿ ಮೇಲಕ್ಕೇರಿಸಿ ಟಾಕಿಯಲ್ಲಿ ಕೂಡಿಟ್ಟು, ಬೇಕಾದಾಗ ದಪ್ಪ ಕೊಳವೆಯಿಂದ ಒಮ್ಮೆಲೆ ಕೆಳಕ್ಕಿಳಿಸುವುದೊಂದೇ ಉಪಾಯವು. ಆದಕಾರಣ ಉಗಿಬಂಡಿಗಳ ಕಾಲದಲ್ಲಿ ಹಳಿಯ ಬದಿಯಲ್ಲಿ ಎತ್ತರದ ಕಂಬಗಳ ಮೇಲೆ ಲೋಹದ ಟಾಕಿಗಳು ನಿಂತವು. ೧೯೯೦ರ ದಶಕದಲ್ಲಿ ದೇಶದ ಅಗಲ ಹಳಿಗಳ ಮೇಲೆ ಉಗಿಬಂಡಿಗಳ ಸಂಚಾರವು ಮುಗಿದ ತರುವಾಯ ಇಂತಹ ಅನೇಕ ಟಾಕಿಗಳಿಗೆ ಮೊದಲಿನ ಕೆಲಸವಿಲ್ಲದಂತಾಯಿತು. ಕೆಲಸ ತಪ್ಪಿದ ಕಟ್ಟಡದ ಮೇಲೆ ಯಾರ ಕಣ್ಣೂ ಇರುವುದಿಲ್ಲ. ಕಣ್ಣಿಲ್ಲದ ಕಡೆಯಲ್ಲಿ ತುಕ್ಕು ಬೆಳೆಯುವುದು.

ಎತ್ತರದ ಟಾಕಿಯ ಗುಟ್ಟು ಸರಳವಾದುದು. ನೀರು ಒಂದು ಅಡಿ ಎತ್ತರದಲ್ಲಿದ್ದರೆ ಕೆಳಗಿನ ಪ್ರತಿ ಚದರ ಅಂಗುಲದ ಮೇಲೆ ಅರ್ಧ ಪೌಂಡಿಗಿಂತ ಸ್ವಲ್ಪ ಕಡಿಮೆ ಒತ್ತಡವನ್ನು ಹಾಕುವುದು. ನೂರು ಅಡಿ ಎತ್ತರದಲ್ಲಿದ್ದರೆ ಸುಮಾರು ೪೩ ಪೌಂಡುಗಳ ಒತ್ತಡ. ಈ ಒತ್ತಡವೇ ನೀರನ್ನು ಓಣಿಯ ಕೊನೆಯ ಮನೆಯ ನಳಕ್ಕೆ ಮುಟ್ಟಿಸುವುದು. ಪಂಪು ಕೆಟ್ಟರೂ ಟಾಕಿಯಲ್ಲಿ ನೀರಿರುವವರೆಗೆ ನಳವು ನಿಲ್ಲದು. ಯೂರೋಪಿನಲ್ಲಿ ೧೯ನೆಯ ಶತಮಾನದ ಉತ್ತರಾರ್ಧದಲ್ಲಿ ಉಕ್ಕು ಅಗ್ಗವಾದ ಮೇಲೆ ಈ ವಿದ್ಯೆಯು ಬಹಳ ಮುಂದುವರಿಯಿತು. ಜರ್ಮನಿಯ ಓಟೋ ಇಂಟ್ಸೆಯೆಂಬ ಇಂಜಿನಿಯರನು ಟಾಕಿಯ ತಳವನ್ನು ವಿಶೇಷವಾದ ಬಾಗಿನಿಂದ ರಚಿಸಿ, ಕಡಿಮೆ ಲೋಹದಿಂದ ಹೆಚ್ಚು ನೀರನ್ನು ಹೊರಿಸುವ ಬಗೆಯನ್ನು ೧೮೮೦ರ ದಶಕದಲ್ಲಿ ತೋರಿಸಿದನು. ರಷ್ಯದ ವ್ಲಾದಿಮಿರ್ ಶುಖೋವನು ೧೮೯೬ರಲ್ಲಿ ನೀಜ್ನಿ ನೋವ್ಗೊರೊದ್ ಪಟ್ಟಣದ ಪ್ರದರ್ಶನಕ್ಕಾಗಿ, ಬುಟ್ಟಿಯ ಹೆಣಿಗೆಯಂತೆ ಓರೆಯಾದ ನೇರ ಪಟ್ಟಿಗಳಿಂದಲೇ ಹೆಣೆದ ಜಲಗೋಪುರವನ್ನು ನಿಲ್ಲಿಸಿ ನೋಡುಗರನ್ನು ಬೆರಗುಗೊಳಿಸಿದನು.

ಭಾರತದಲ್ಲಿ ಈ ವಿದ್ಯೆಯ ಮಹತ್ತರವಾದ ಸಾಕ್ಷಿಯು ಕಲಕತ್ತೆಯ ಟಾಲಾ ಟಾಕಿಯು. ಜಗತ್ತಿನ ಎತ್ತರದ ಉಕ್ಕಿನ ಟಾಕಿಗಳಲ್ಲಿ ಇದೇ ಅತ್ಯಂತ ದೊಡ್ಡದೆಂದು ಹೆಸರಾಗಿರುವುದು. ೧೯೦೯ನೆಯ ಇಸವಿ ನವೆಂಬರ್ ೧೮ರಂದು ಬಂಗಾಲದ ಲೆಫ್ಟಿನೆಂಟ್ ಗವರ್ನರನಾದ ಸರ್ ಎಡ್ವರ್ಡ್ ಬೇಕರನು ಇದರ ಅಡಿಗಲ್ಲನ್ನಿಟ್ಟನು; ೧೯೧೧ರ ಮೇ ತಿಂಗಳಲ್ಲಿ ಇದು ಬಳಕೆಗೆ ಬಂದಿತು. ಹೂಗ್ಲಿ ನದಿಯ ನೀರು ಪಲತಾದಲ್ಲಿ ಶುದ್ಧಿಯಾಗಿ ಟಾಲಾಕ್ಕೆ ಬಂದು, ಅಲ್ಲಿಂದ ಪಟ್ಟಣಕ್ಕೆ ಹಂಚಿಕೆಯಾಗುವುದು. ಟಾಕಿಯು ಚೌಕಾಕಾರವಾದುದು; ಒಂದೊಂದು ಪಕ್ಕದ ಉದ್ದವು ೩೨೧ ಅಡಿ; ನೆಲದಿಂದ ಎತ್ತರವು ಸುಮಾರು ೧೧೦ ಅಡಿ; ಅದಕ್ಕೆ ಬಳಸಿದ ಉಕ್ಕು ಸುಮಾರು ೮,೫೦೦ ಟನ್ನು. ಅದರಲ್ಲಿ ಹಿಡಿಯುವ ನೀರು ೯೦ ಲಕ್ಷ ಗ್ಯಾಲನ್. ಒಂದು ಗ್ಯಾಲನ್ ನೀರಿನ ತೂಕವು ಹತ್ತು ಪೌಂಡು; ಈ ಲೆಕ್ಕದಂತೆ ತುಂಬಿದ ಟಾಕಿಯ ಕಂಬಗಳು ನೀರಿನದೇ ಸುಮಾರು ೪೦,೦೦೦ ಟನ್ ಭಾರವನ್ನು ಹೊತ್ತು ನಿಲ್ಲಬೇಕು. ೧೯೩೪ರ ಬಿಹಾರದ ಮಹಾಭೂಕಂಪವು ಕಲಕತ್ತೆಯನ್ನೂ ನಡುಗಿಸಿತು. ೧೯೪೨ರಿಂದ ಜಪಾನೀ ವಿಮಾನಗಳು ಆ ಪಟ್ಟಣದ ಮೇಲೆ ಬಾಂಬುಗಳನ್ನು ಕೆಡವಿದವು. ೨೦೨೦ರ ಮೇ ತಿಂಗಳಲ್ಲಿ ಅಂಫಾನ್ ಎಂಬ ಚಂಡಮಾರುತವು ಅಪ್ಪಳಿಸಿತು. ಇವೆಲ್ಲವನ್ನೂ ದಾಟಿ ಟಾಲಾ ಟಾಕಿಯು ನಿಂತಿರುವುದು.

ಹಾಗಾದರೆ ದೊಡ್ಡದಾಗಿಯೂ ದಪ್ಪವಾಗಿಯೂ ಕಟ್ಟಿದ ಮಾತ್ರಕ್ಕೆ ಟಾಕಿಯು ಶಾಶ್ವತವಾಗುವುದೋ? ಇಲ್ಲ. ಉಕ್ಕಿಗೆ ನೀರೂ ಗಾಳಿಯೂ ಕೂಡಿದರೆ ತುಕ್ಕು ತಪ್ಪದು. ತುಕ್ಕು ತಾನು ತಿಂದ ಲೋಹಕ್ಕಿಂತ ಹೆಚ್ಚು ಜಾಗವನ್ನು ಹಿಡಿಯುವುದು. ಎರಡು ತಗಡುಗಳು ಒಂದರ ಮೇಲೊಂದು ಕೂಡಿದ ಸಂದಿನಲ್ಲಿ ಅದು ಹೊಕ್ಕಿತೆಂದರೆ, ಒಳಗಿನಿಂದ ಬೆಣೆ ಬಡಿದಂತೆ ತಗಡುಗಳನ್ನು ಅಗಲಿಸಿ, ಬಿಗಿದ ರಿವೆಟ್ಟುಗಳ ತಲೆಯನ್ನು ಹಾರಿಸುವುದು. ತುಂಬಿದ ಟಾಕಿಯಲ್ಲಿ ಯಾವಾಗಲೂ ನೀರಿನಡಿಯಲ್ಲಿರುವ ಭಾಗಕ್ಕಿಂತ, ನೀರು ಏರುತ್ತ ಇಳಿಯುತ್ತ ಇರುವ ಅಂಚು ಬೇಗ ಹಾಳಾಗುವುದು. ಏಕೆಂದರೆ ಅಲ್ಲಿ ಹಸಿಯೂ ಗಾಳಿಯೂ ಸರದಿಯಂತೆ ತಾಗುತ್ತಿರುವವು. ಮುಚ್ಚಳದ ಒಳಮೈಯಲ್ಲಿ ಆವಿಯು ಹನಿಗಟ್ಟಿ ತಗಡನ್ನು ತಿನ್ನುವುದು. ಕಂಬದ ಬುಡದಲ್ಲಿ ಕಸವೂ ಮಣ್ಣೂ ಸೇರಿದರೆ ಅಲ್ಲಿ ತೇವವು ಆರದೆ ಕಂಬವು ಕಾಣದಂತೆ ಸವೆಯುವುದು. ಕೆಳಗಿನಿಂದ ನೋಡುವವನಿಗೆ ಟಾಕಿಯ ಹೊಟ್ಟೆ ಮಾತ್ರ ಕಾಣುವುದು. ಅದರ ರೋಗವಾದರೋ ತಲೆಯಲ್ಲಿಯೂ ಪಾದದಲ್ಲಿಯೂ ಇರುವುದು.

ಪರೀಕ್ಷೆಯನ್ನು ಕಡೆಗಣಿಸಿದರೆ ಏನಾಗುವುದೆಂಬುದಕ್ಕೆ ಅಮೆರಿಕದ ಬೋಸ್ಟನ್ ಪಟ್ಟಣದ ಕಥೆಯು ಕಠೋರವಾದ ಪಾಠವು. ಅಲ್ಲಿ ಕಾಕಂಬಿಯನ್ನು ಕೂಡಿಡುವುದಕ್ಕಾಗಿ ೧೯೧೫ರಲ್ಲಿ ೫೦ ಅಡಿ ಎತ್ತರದ ಉಕ್ಕಿನ ಟಾಕಿಯೊಂದನ್ನು ಅವಸರದಿಂದ ಕಟ್ಟಲಾಯಿತು. ಅದನ್ನು ನೀರಿನಿಂದ ಪೂರ್ತಿಯಾಗಿ ತುಂಬಿ ಪರೀಕ್ಷಿಸಲಿಲ್ಲ. ಅದರ ತಗಡುಗಳು ಹೊರಬೇಕಾದ ಒತ್ತಡಕ್ಕೆ ತಕ್ಕಷ್ಟು ದಪ್ಪವಾಗಿರಲಿಲ್ಲ. ಮೊದಲಿನಿಂದಲೂ ಸಂದುಗಳಲ್ಲಿ ಕಾಕಂಬಿಯು ಸೋರುತ್ತಿದ್ದಿತು. ನೆರೆಯ ಮಕ್ಕಳು ಅದನ್ನು ಬಳಿದುಕೊಂಡು ಹೋಗುತ್ತಿದ್ದರು. ಒಡೆಯರು ಸೋರಿಕೆಯನ್ನು ನಿಲ್ಲಿಸುವುದಕ್ಕೆ ಬದಲಾಗಿ, ಅದು ಕಾಣದಂತೆ ಟಾಕಿಗೆ ಕಾಕಂಬಿಯದೇ ಕಂದುಬಣ್ಣವನ್ನು ಬಳಿಸಿದರು. ೧೯೧೯ನೆಯ ಇಸವಿ ಜನವರಿ ೧೫ರಂದು ಮಧ್ಯಾಹ್ನ ಟಾಕಿಯು ಸಿಡಿದು, ಕಾಕಂಬಿಯ ಪ್ರವಾಹದಲ್ಲಿ ೨೧ ಮಂದಿ ಮಡಿದರು. ಸುಮಾರು ೧೫೦ ಮಂದಿ ಗಾಯಗೊಂಡರು.

ವಾಚಕರು ಈ ಎರಡು ಟಾಕಿಗಳನ್ನು ಹೋಲಿಸಿ ನೋಡಬೇಕು. ಒಂದು ನೂರು ವರ್ಷಗಳನ್ನು ದಾಟಿ ನಿಂತಿತು. ಇನ್ನೊಂದು ನಾಲ್ಕು ವರ್ಷ ತುಂಬುವ ಮೊದಲೇ ಒಡೆಯಿತು. ಆದುದರಿಂದ ವಯಸ್ಸೊಂದೇ ಟಾಕಿಯ ಯೋಗ್ಯತೆಗೆ ಅಳತೆಗೋಲಲ್ಲ. ಹಳೆಯದಾದ ಮಾತ್ರಕ್ಕೆ ಕೆಡವುವುದೂ ನ್ಯಾಯವಲ್ಲ. ಹೊಸದಾದ ಮಾತ್ರಕ್ಕೆ ನಂಬುವುದೂ ವಿವೇಕವಲ್ಲ. ತಗಡಿನ ದಪ್ಪವೆಷ್ಟು, ಬಿಗಿತವೆಂತಹುದು, ಪಾಯವು ಕದಲಿದೆಯೋ ಇಲ್ಲವೋ ಎಂಬುದೇ ಪ್ರಶ್ನೆಯು. ಬಣ್ಣವು ಉಕ್ಕಿಗೆ ಕವಚವೂ ಆಗಬಲ್ಲುದು, ದೋಷಕ್ಕೆ ಮುಸುಕೂ ಆಗಬಲ್ಲುದು. ಬಳಿಯುವ ಮೊದಲು ಪರೀಕ್ಷಿಸಿದರೆ ಅದು ಕವಚವು. ಪರೀಕ್ಷಿಸದೆ ಬಳಿದರೆ ಮುಸುಕು.

ಇನ್ನು ಪರೀಕ್ಷೆಯ ಕ್ರಮವನ್ನು ಸಂಕ್ಷೇಪವಾಗಿ ಹೇಳಬಹುದು. ಮೊದಲನೆಯದಾಗಿ ಟಾಕಿಯ ಪೂರ್ವಚರಿತ್ರೆಯನ್ನು ಕೂಡಿಸಬೇಕು: ಯಾವಾಗ ಕಟ್ಟಿದರು, ಯಾವ ನಕ್ಷೆಯಂತೆ ಕಟ್ಟಿದರು, ಯಾವಾಗ ರಿಪೇರಿ ಮಾಡಿದರು, ಯಾವ ಬಣ್ಣವನ್ನು ಬಳಿದರು ಎಂಬಿವನ್ನು ಹಳೆಯ ಕಡತಗಳಿಂದಲೂ ವೃದ್ಧ ಕೆಲಸಗಾರರಿಂದಲೂ ತಿಳಿಯಬೇಕು. ಎರಡನೆಯದಾಗಿ ಪಾಯವನ್ನೂ ಕಂಬಗಳ ನೆಟ್ಟಗನ್ನೂ ಅಳೆಯಬೇಕು. ಒಂದು ಕಂಬವು ಸ್ವಲ್ಪ ಕುಸಿದರೂ ಅದರ ಪಾಲಿನ ಭಾರವು ನೆರೆಯ ಕಂಬಗಳ ಮೇಲೆ ಬೀಳುವುದು. ಮೂರನೆಯದಾಗಿ ಕಂಬದಿಂದ ಕಂಬಕ್ಕೆ ಓರೆಯಾಗಿ ಕಟ್ಟಿದ ಬಿಗಿಪಟ್ಟಿಗಳನ್ನು ನೋಡಬೇಕು. ಗಾಳಿಯ ಹೊಡೆತವನ್ನು ತಡೆಯುವವು ಅವೇ. ಬರಿದಾದ ಟಾಕಿಯು ಹಗುರವಾಗಿರುವುದರಿಂದ ಅದು ಅಪಾಯದಿಂದ ದೂರವೆಂದು ಕೆಲವರು ತಿಳಿಯುವರು. ಇದು ಭ್ರಮೆ. ತುಂಬಿದ ಟಾಕಿಯನ್ನು ನೀರಿನ ಭಾರವೇ ನೆಲಕ್ಕೊತ್ತಿ ಹಿಡಿದಿರುವುದು. ಬರಿದಾದುದನ್ನು ಬಿರುಗಾಳಿಯು ಉರುಳಿಸಲು ಹವಣಿಸುವುದು.

ನಾಲ್ಕನೆಯದಾಗಿ ಟಾಕಿಯನ್ನು ಬರಿದುಮಾಡಿ ಒಳಗಿಳಿದು ನೋಡಬೇಕು. ಹಿಂದೆ ಅನುಭವಿಗಳಾದ ಮೇಸ್ತ್ರಿಗಳು ಸಣ್ಣ ಸುತ್ತಿಗೆಯಿಂದ ರಿವೆಟ್ಟುಗಳನ್ನು ತಟ್ಟಿ, ನಾದವು ಗಟ್ಟಿಯಾಗಿದೆಯೋ ಬಿರುಕಾಗಿದೆಯೋ ಎಂದು ಕಿವಿಯಿಂದಲೇ ತೀರ್ಮಾನಿಸುತ್ತಿದ್ದರು. ಆ ವಿದ್ಯೆಯು ಇಂದಿಗೂ ಬೆಲೆಯುಳ್ಳದು. ಅದರೊಡನೆ ಈಗ ಶ್ರವಣಾತೀತ ಧ್ವನಿಯ ಯಂತ್ರವೂ ಒದಗಿರುವುದು. ತಗಡಿನ ಒಂದು ಮಗ್ಗುಲಿಗೆ ಅದನ್ನು ತಾಗಿಸಿದರೆ, ಧ್ವನಿಯು ಆಚೆಯ ಮಗ್ಗುಲನ್ನು ಮುಟ್ಟಿ ಮರಳುವ ಕಾಲದಿಂದ ತಗಡಿನ ಉಳಿದ ದಪ್ಪವು ತಿಳಿಯುವುದು. ರಂಧ್ರ ಕೊರೆಯುವ ಕಾರಣವಿಲ್ಲ. ಸುತ್ತಳತೆಯುದ್ದಕ್ಕೂ, ತಳದಿಂದ ಮೇಲಿನವರೆಗೂ ಹೀಗೆ ಅಳೆದು ನಕ್ಷೆಯಲ್ಲಿ ಗುರುತಿಸಿದರೆ, ಯಾವ ತಗಡು ಎಷ್ಟು ಸವೆದಿದೆಯೆಂಬುದು ಅಂಗೈ ನೆಲ್ಲಿಯಂತೆ ಸ್ಪಷ್ಟವಾಗುವುದು. ಐದನೆಯದಾಗಿ, ಈ ಅಳತೆಗಳನ್ನು ಹಿಡಿದು ಲೆಕ್ಕ ಹಾಕಬೇಕು: ಉಳಿದ ದಪ್ಪಕ್ಕೆ ನೀರಿನ ಒತ್ತಡವನ್ನೂ ಗಾಳಿಯನ್ನೂ ಭೂಕಂಪವನ್ನೂ ತಡೆಯುವ ಶಕ್ತಿಯಿರುವುದೋ ಇಲ್ಲವೋ? ಈ ಲೆಕ್ಕವಿಲ್ಲದ ಪರೀಕ್ಷೆಯು ನಾಡಿ ಹಿಡಿದು ಮದ್ದು ಹೇಳದೆ ಹೋದ ವೈದ್ಯನಂತೆ ನಿಷ್ಫಲವು.

ರಿಪೇರಿಯಲ್ಲಿಯೂ ಎಚ್ಚರವು ಬೇಕು. ಹಳೆಯ ಉಕ್ಕಿನಲ್ಲಿ ಗಂಧಕ, ರಂಜಕಗಳ ಅಂಶವು ಹೆಚ್ಚಾಗಿರುವುದುಂಟು. ಅಂತಹ ತಗಡಿಗೆ ಬೆಸುಗೆ ಹಾಕಿದರೆ ಬೆಸುಗೆಯ ಬದಿಯಲ್ಲಿಯೇ ಬಿರುಕು ಹುಟ್ಟಬಹುದು. ಆದಕಾರಣ ಮೊದಲು ಲೋಹದ ತುಣುಕನ್ನು ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿ, ಬೆಸುಗೆಯು ಯೋಗ್ಯವೋ ಬೋಲ್ಟುಗಳಿಂದ ಬಿಗಿಯುವುದು ಯೋಗ್ಯವೋ ಎಂಬುದನ್ನು ನಿಶ್ಚಯಿಸಬೇಕು. ಹಳೆಯ ಬಣ್ಣಗಳಲ್ಲಿ ಸೀಸವಿರುವುದು ಸಾಮಾನ್ಯ, ಅದು ವಿಷವು. ಅದನ್ನು ಕೆರೆಯುವಾಗ ಪುಡಿಯು ಕೆಲಸಗಾರನ ಉಸಿರಿಗೂ, ಕೆಳಗಿನ ಮನೆಗಳ ಅಂಗಳಕ್ಕೂ ಹೋಗದಂತೆ ಮರೆಕಟ್ಟಬೇಕು. ಒಳಮೈಗೆ ಕುಡಿಯುವ ನೀರಿಗೆ ತಕ್ಕ ನಿರ್ದೋಷವಾದ ಲೇಪವನ್ನೇ ಬಳಿಯಬೇಕು. ಮುಚ್ಚಳವು ಭದ್ರವಾಗಿದ್ದು, ಹಕ್ಕಿಯಾಗಲಿ ಸೊಳ್ಳೆಯಾಗಲಿ ಒಳಹೊಗದಂತಿರಬೇಕು. ದಾಸೋಹದ ಒಲೆಗೆ ಬೆಂಕಿ ಬೀಳುವ ಮೊದಲು ಹಂಡೆಗೆ ನೀರು ಬೀಳಬೇಕಷ್ಟೆ. ಆ ನೀರು ಶುದ್ಧವಾಗಿರುವುದು ಅನ್ನದ ಶುದ್ಧಿಗಿಂತಲೂ ಮೊದಲಿನ ಮಾತು.

ಆದರೆ ಟಾಕಿಯನ್ನು ಬರಿದುಮಾಡಿದರೆ ಊರಿಗೆ ನೀರೆಲ್ಲಿಂದ ಬರಬೇಕು? ಇದೇ ರಿಪೇರಿಯನ್ನು ವರ್ಷದಿಂದ ವರ್ಷಕ್ಕೆ ಮುಂದೆ ಹಾಕಲು ಎಲ್ಲ ಕಡೆಯಲ್ಲಿಯೂ ಹೇಳುವ ಕಾರಣವು. ಟಾಲಾ ಟಾಕಿಯ ನಿರ್ಮಾಪಕರು ಈ ತೊಡಕನ್ನು ಮೊದಲೇ ಮನಗಂಡು, ಟಾಕಿಯ ಒಡಲನ್ನು ನಾಲ್ಕು ಕೋಣೆಗಳಾಗಿ ವಿಭಾಗಿಸಿದ್ದರು. ಶತಮಾನದ ತರುವಾಯ ಕಲಕತ್ತೆಯ ನಗರಸಭೆಯವರು ಜಾದವಪುರ ವಿಶ್ವವಿದ್ಯಾನಿಲಯದ ತಜ್ಞರಿಂದ ಟಾಕಿಯನ್ನು ಪರೀಕ್ಷಿಸಿ ಜೀರ್ಣೋದ್ಧಾರಕ್ಕೆ ಕೈಹಾಕಿದಾಗ, ಒಂದು ಕೋಣೆಯನ್ನು ಬರಿದುಮಾಡಿ ಸರಿಪಡಿಸುತ್ತಿರುವಲ್ಲಿ ಉಳಿದ ಕೋಣೆಗಳಿಂದ ಪಟ್ಟಣಕ್ಕೆ ನೀರು ಹರಿಯುತ್ತಲೇ ಇದ್ದಿತು. ಕಟ್ಟುವ ದಿನವೇ ಮುಂದಿನ ರಿಪೇರಿಯ ದಿನವನ್ನು ನೆನೆದವರ ದೂರದೃಷ್ಟಿಯು, ಅವರು ಕಾಲವಾದ ಎಷ್ಟೋ ವರ್ಷಗಳ ಮೇಲೆ ಹೀಗೆ ಫಲಕೊಟ್ಟಿತು. ಒಂದೇ ಕೋಣೆಯ ಟಾಕಿಯುಳ್ಳ ಸಣ್ಣ ಊರುಗಳಲ್ಲಿ ತಾತ್ಕಾಲಿಕವಾದ ಇನ್ನೊಂದು ಟಾಕಿಯನ್ನು ನೆಲದ ಮೇಲೆ ಏರ್ಪಡಿಸಿಕೊಂಡು, ಬೇಸಗೆ ಬರುವ ಮೊದಲೇ ಈ ಕೆಲಸವನ್ನು ಮುಗಿಸಬಹುದು.

ಎಲ್ಲ ಹಳೆಯ ಟಾಕಿಗಳನ್ನೂ ಉಳಿಸಲೇಬೇಕೆಂಬುದು ಇದರ ತಾತ್ಪರ್ಯವಲ್ಲ. ಪಾಯವು ಕುಸಿದು, ತಗಡು ಸವೆದು, ಕೆಳಗೆ ಮಕ್ಕಳು ಓಡಾಡುವ ಸ್ಥಳವಾಗಿದ್ದರೆ, ಅಭಿಮಾನದಿಂದ ಅದನ್ನು ನಿಲ್ಲಿಸಿಕೊಂಡಿರುವುದು ಪಾಪವೇ ಸರಿ. ಒಂದು ಜೀವಕ್ಕಿಂತ ಯಾವ ಗೋಪುರವೂ ದೊಡ್ಡದಲ್ಲ. ಅಂತಹುದನ್ನು ಅಳೆದು, ಚಿತ್ರಿಸಿ, ಅದರ ವೃತ್ತಾಂತವನ್ನು ಬರೆದಿಟ್ಟು ಗೌರವದಿಂದ ಇಳಿಸಬೇಕು. ಭಾರ ಹೊರಲು ಅಸಮರ್ಥವಾದರೂ ನಿಲ್ಲಲು ಸಮರ್ಥವಾದುದನ್ನು ನೀರು ತುಂಬದೆ, ಗಾಳಿಗೆ ಬಿಗಿಮಾಡಿ ಸ್ಮಾರಕವಾಗಿ ಉಳಿಸಬಹುದು. ಶುಖೋವನ ಗೋಪುರವು ಪ್ರದರ್ಶನವು ಮುಗಿದ ಮೇಲೆ ಗುಜರಿಗೆ ಹೋಗದೆ, ಪೋಲಿಬಿನೋ ಎಂಬ ಹಳ್ಳಿಯ ಜಮೀನುದಾರನೊಬ್ಬನು ಅದನ್ನು ಕೊಂಡು ತನ್ನ ಊರಿನಲ್ಲಿ ಮರಳಿ ನಿಲ್ಲಿಸಿದುದರಿಂದ ಇಂದಿಗೂ ಉಳಿದಿರುವುದು. ಉಕ್ಕಿನ ಕಟ್ಟಡಕ್ಕೆ ಕಲ್ಲಿನ ಕಟ್ಟಡಕ್ಕಿಲ್ಲದ ಒಂದು ಅನುಕೂಲವಿದು: ಅದನ್ನು ಬಿಚ್ಚಬಹುದು, ಸಾಗಿಸಬಹುದು, ಕೆಟ್ಟ ಅಂಗವೊಂದನ್ನೇ ಬದಲಿಸಿ ಮತ್ತೆ ಜೋಡಿಸಬಹುದು.

ಯಾದಗಿರಿಯು ೨೦೦೯ರ ಡಿಸೆಂಬರಿನಲ್ಲಿ ಜಿಲ್ಲೆಯ ಮುಖ್ಯಸ್ಥಳವಾಯಿತು. ನಾರಾಯಣಪುರದಲ್ಲಿ ಕೃಷ್ಣೆಗೆ ಕಟ್ಟಿದ ಬಸವಸಾಗರ ಜಲಾಶಯದಿಂದ ಸುರಪುರ ಶಹಾಪುರಗಳ ಹೊಲಗಳಿಗೆ ಕಾಲುವೆಯ ನೀರು ಬಂದಿರುವುದು. ಊರುಗಳು ಬೆಳೆದಂತೆ ಎತ್ತರದ ಟಾಕಿಗಳೂ ಹೆಚ್ಚುವವು; ಅವು ಉಕ್ಕಿನವಾಗಲಿ, ಸಿಮೆಂಟಿನವಾಗಲಿ, ಒಂದು ದಿನ ಮುಪ್ಪಾಗುವವು. ಬಂಡೆಯಲ್ಲಿ ಕೊಳವನ್ನು ಕಡೆದವರಿಂದಲೂ, ಬೋನಾಳದ ಏರಿಯನ್ನು ಕಟ್ಟಿದವರಿಂದಲೂ, ಅದನ್ನು ಬಲಪಡಿಸಿದವರಿಂದಲೂ ಈ ಸೀಮೆಯು ಪಡೆದ ಪಾಠವು ಒಂದೇ: ನೀರನ್ನು ಹೊತ್ತು ನಿಂತುದನ್ನು ಜನರು ಹೊತ್ತು ನಿಲ್ಲಿಸಬೇಕು. ಪ್ರತಿಯೊಂದು ಟಾಕಿಗೂ ಒಂದು ಪುಸ್ತಕವಿರಲಿ. ಅದರಲ್ಲಿ ಕಟ್ಟಿದ ವರ್ಷ, ತೊಳೆದ ದಿನ, ಬಣ್ಣ ಬಳಿದ ದಿನ, ಅಳೆದ ದಪ್ಪ ಇವು ದಾಖಲಾಗಲಿ. ಹೊಣೆಗಾರನ ಹೆಸರೂ ಅದರಲ್ಲಿರಲಿ. ಊರವರು ವರ್ಷಕ್ಕೊಮ್ಮೆ ಆ ಪುಸ್ತಕವನ್ನು ಕೇಳಿ ಓದಲಿ. ಕಾಯಕವೆಂಬುದು ಕಟ್ಟುವ ಒಂದು ದಿನದ ಉತ್ಸಾಹದಲ್ಲಿ ಮುಗಿಯುವುದಿಲ್ಲ. ಕಾಯುವ ಅನೇಕ ದಿನಗಳ ಶ್ರದ್ಧೆಯಲ್ಲಿ ಅದು ಪೂರ್ಣವಾಗುವುದು. ಹಿಂದಿನವರು ಕಾಯ್ದು ಕೊಟ್ಟ ನೀರನ್ನು ಕುಡಿದು ಬೆಳೆದವರು, ಮುಂದಿನವರಿಗಾಗಿ ಕಾಯ್ದಿಡುವುದೇ ಅವರ ಋಣವನ್ನು ತೀರಿಸುವ ಬಗೆಯು.